ಗುಂಡಿ ಡಬ್ಬಿಯ ಗುಟ್ಟು

ಊರವರ ಸೊಂಟದ ಸುತ್ತಳತೆಯೆಲ್ಲ ಬಲ್ಲ ದರ್ಜಿ ತಾತನಿಗೆ ತನ್ನ ಮಾತಿನ ಉದ್ದಗಲ ಮಾತ್ರ ತಿಳಿಯದು. ಮೊಮ್ಮಗಳು ಚಿನಕುರುಳಿಯನ್ನು ಒಂದನೆಯ ತರಗತಿಗೆ ಸೇರಿಸಲು ಸೊಸೆಯೊಡನೆ ಚರ್ಚಿನ ಪಕ್ಕದ ಶಾಲೆಗೆ ಹೊರಟಾಗಿನಿಂದ ಆತನ ಗೊಣಗಾಟ ನಿಂತಿರಲಿಲ್ಲ.

"ನಾವು ಅವರ ಚರ್ಚಿಗೆ ಹೋಗೋರಲ್ಲ. ಸೀಟು ಕೊಡ್ತಾರೇನಮ್ಮ?"

"ವಿಚಾರಿಸಿದ್ದೀನಿ ಮಾವ. ಜಾಗ ಇದ್ರೆ ಯಾರ ಮನೆ ಮಗುವಾದ್ರೂ ತಗೋತಾರೆ. ಪರೀಕ್ಷೆ ಗಿರೀಕ್ಷೆ ಇಲ್ಲ, ಸುಮ್ನೆ ಮಾತಾಡಿಸ್ತಾರಂತೆ."

ಗೇಟಿನಲ್ಲಿ ಕಾವಲುಗಾರನು ಇಬ್ಬರ ಕೊರಳಿಗೂ 'ಸಂದರ್ಶಕರು' ಎಂಬ ಚೀಟಿ ತೂಗುಹಾಕಿದನು.

"ಏನಪ್ಪ, ಬೆಲೆಚೀಟಿ ಹಾಕಿ ನನ್ನನ್ನೂ ಮಾರೋಕಿಟ್ಯಾ?"

"ಬಿಷಪ್ಪರು ಬಂದ್ರೂ ಇದನ್ನೇ ಹಾಕ್ಕೋತಾರೆ ತಾತ. ಮಾರೋಕಿಟ್ರೂ ನಿಮಗೆ ಗಿರಾಕಿ ಸಿಗೋದು ಕಷ್ಟ."

ಒಳಗಿನ ಪಡಸಾಲೆಯಲ್ಲಿ ಪ್ರತಿ ಕೊಠಡಿಯ ಬಾಗಿಲಿಗೂ ಗಾಜು ಕೂರಿಸಿತ್ತು. "ಇದು ಶಾಲೆಯೋ, ಮಿಠಾಯಿ ಅಂಗಡಿಯೋ?" ಎಂದು ತಾತ ಸೊಸೆಯ ಕಿವಿಯಲ್ಲಿ ಉಸುರಿದನು.

ಮುಖ್ಯೋಪಾಧ್ಯಾಯಿನಿಯಾದ ಸಿಸ್ಟರ್ ಅವರ ಕೊಠಡಿಯಲ್ಲಿ, ಮಕ್ಕಳನ್ನು ಮಡಿಲಿಗೆ ಕರೆದುಕೊಂಡ ಯೇಸುವಿನ ಚಿತ್ರವೊಂದು ತೂಗುತ್ತಿತ್ತು. ಸಿಸ್ಟರ್ ಶಾಲೆಯ ಕಟ್ಟುಪಾಡುಗಳನ್ನು ವಿವರಿಸಿದರು. ಪೂರ್ವಾಪರ ವಿಚಾರಿಸದೆ ಯಾರನ್ನೂ ಕೆಲಸಕ್ಕೆ ಸೇರಿಸಿಕೊಳ್ಳುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ದೊಡ್ಡವರು ಮಗುವಿನೊಡನೆ ಒಂಟಿಯಾಗಿ ಇರುವಂತಿಲ್ಲ. ಮನೆಯವರು ಮೊದಲೇ ತಿಳಿಸಿದವರ ಕೈಗಲ್ಲದೆ ಬೇರೆಯವರಿಗೆ ಮಗುವನ್ನು ಒಪ್ಪಿಸುವುದಿಲ್ಲ.

"ಮುತ್ತು ರತ್ನ ಕಾಯೋ ಹಾಗೆ ಕಾಯ್ತೀರಲ್ಲ ಸಿಸ್ಟರ್," ಎಂದನು ತಾತ. "ನಾವೆಲ್ಲ ಬೀದೀಲಿ ಬೆಳೆದು ದೊಡ್ಡೋರಾಗ್ಲಿಲ್ವಾ?"

"ಆದ್ರಿ ಯಜಮಾನರೇ. ನೋವು ತಿಂದೋರೂ ಇದ್ರು. ಅವರು ಬಾಯಿ ಬಿಡ್ಲಿಲ್ಲ, ಅಷ್ಟೇ."

ಸಿಸ್ಟರ್ ಕುರ್ಚಿಯಿಂದಿಳಿದು ಮಗುವಿನ ಎತ್ತರಕ್ಕೆ ಕುಳಿತರು.

"ಮನೇಲಿ ಯಾರ ಜೊತೆ ಆಡ್ತೀಯ ಪುಟ್ಟಿ?"

"ತಾತನ ಜೊತೆ."

"ಏನಾಟ?"

ಅರಳು ಹುರಿದಂತೆ ಮಾತಾಡುವ ಚಿನಕುರುಳಿ ತಲೆ ತಗ್ಗಿಸಿದಳು. "ಅದು ಗುಟ್ಟು. ಹೇಳಿದ್ರೆ ತಾತ ನನ್ನ ಜೊತೆ ಟೂ ಬಿಡ್ತಾರೆ."

ಸೊಸೆ ಮಾವನತ್ತ ತಿರುಗಿದಳು. ಸಿಸ್ಟರ್ ದನಿ ಮಾತ್ರ ಬದಲಾಗಲಿಲ್ಲ.

"ಯಜಮಾನರೇ, ಸ್ವಲ್ಪ ಹೊರಗಿನ ಬೆಂಚಲ್ಲಿ ಕೂತಿರಿ. ಬೇಜಾರು ಮಾಡ್ಕೋಬೇಡಿ."

ತಾತ ಬೆಂಚಿನ ಮೇಲೆ ಕೂತು ಎದ್ದು ಮಾಡಿದನು. ಸೀಟು ಕೈತಪ್ಪಿದರೆ ಬೇರೆ ಶಾಲೆ ಉಂಟು. ಆದರೆ ನಾಳೆಯಿಂದ ಸೊಸೆ ಈ ಮಗುವನ್ನು ತನ್ನ ತೊಡೆಯ ಮೇಲೆ ಕೂರಲು ಬಿಡುವಳೇ? ತಾನು ಹಂಗಿಸಿದ ಆ ಗಾಜಿಗೇ ಈಗ ಮೂಗು ಒತ್ತಿ ನಿಂತನು. ಮಾತು ಕೇಳಿಸದು, ಮುಖಗಳು ಕಾಣುವುವು. ಸಿಸ್ಟರ್ ಏನೋ ನಿಧಾನವಾಗಿ ಹೇಳಿದರು. ಮಗು ತಾಯಿಯನ್ನು ನೋಡಿತು. ಆಮೇಲೆ ಎರಡು ಪುಟ್ಟ ಕೈಗಳು ಗಾಳಿಯಲ್ಲಿ ಡಬ್ಬಿಯೊಂದರ ಮುಚ್ಚಳ ತಿರುಗಿಸಿದವು, ಏನನ್ನೋ ಹೆಕ್ಕಿ ಬಾಯಿಗೆ ಹಾಕಿಕೊಂಡವು. ಸೊಸೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳುವೋ ನಗುವೋ ತಿಳಿಯದೆ ತಾತ ಗಾಜನ್ನು ಅಂಗೈಯಿಂದ ಒರೆಸಿ ಮತ್ತೆ ಇಣುಕಿದನು.

ಬಾಗಿಲು ತೆರೆಯಿತು.

"ಬನ್ನಿ ಮಾವ," ಎಂದಳು ಸೊಸೆ, ಕಣ್ಣೀರು ಬರುವಷ್ಟು ನಗುತ್ತ. "ಡಾಕ್ಟರು ಸಕ್ಕರೆ ಮುಟ್ಟಬೇಡಿ ಅಂದ್ರೆ, ಗುಂಡಿ ಡಬ್ಬೀಲಿ ಕಲ್ಲುಸಕ್ಕರೆ ಬಚ್ಚಿಟ್ಟು ಇಬ್ಬರೂ ತಿಂತಿದ್ದೀರಾ? ಗುಂಡಿ ಡಬ್ಬೀಲೇ ಗುಂಡಿ ತೋಡ್ಕೊಂಡ್ರಲ್ಲ."

ತಾತನಿಗೆ ಹೋದ ಜೀವ ಬಂದಿತು. ಜೊತೆಗೆ ಸಣ್ಣ ಮುನಿಸೂ ಬಂದಿತು. "ನನ್ನ ಮೇಲೇ ಅನುಮಾನ ಪಟ್ರಾ ಸಿಸ್ಟರ್?"

"ಹಳೇ ಗಿರಾಕಿ ಅಂತ ಅಳತೆ ತಗೊಳ್ಳದೆ ಕತ್ತರಿ ಹಾಕ್ತೀರಾ ಯಜಮಾನರೇ?"

"ಅದು ಹೇಗಾಗುತ್ತೆ? ಟೇಪು ಹಿಡಿಯಲೇಬೇಕು."

"ನಮ್ಮದೂ ಹಾಗೇ. 'ಗುಟ್ಟು' ಅಂತ ಮಗು ಹೆದರಿದ್ರೆ, ಎದುರಿಗಿರೋರು ಯಾರೇ ಆಗ್ಲಿ, ನಾವು ಕೇಳಲೇಬೇಕು. ಇವತ್ತು ಕಲ್ಲುಸಕ್ಕರೆ, ಸಂತೋಷ. ಆದ್ರೆ ನಾಳೆ ಕೆಟ್ಟೋನೊಬ್ಬ ಇದೇ ಮಾತು ಹೇಳಿದ್ರೆ? ಬಾಯಿ ಮುಚ್ಚಿಕೊಳ್ಳೋ ಪಾಠ ಮಗುಗೆ ಮನೇಲೇ ಆಗಿದೆಯಲ್ಲ."

ಆ ಮಾತು ಬೆರಳಿಗೆ ಸೂಜಿ ಚುಚ್ಚಿದಂತೆ ನಾಟಿತು. ಎಷ್ಟೋ ಬಟ್ಟೆ ಹೊಲಿದ ಕೈ ಈ ಎಳೆಯ ಬಾಯನ್ನೂ ಹೊಲಿದಿತ್ತಲ್ಲ.

"ಹಾಗಾದ್ರೆ ಉಡುಗೊರೆ ತಂದು ಬಚ್ಚಿಡೋದೂ ತಪ್ಪಾ?" ಎಂದನು ಮೆಲ್ಲಗೆ.

"ಅದು ತಪ್ಪಲ್ಲ. ಅದು ಇವತ್ತಲ್ಲ ನಾಳೆ ಎಲ್ಲರೆದುರಿಗೆ ತೆರೆಯುತ್ತೆ, ಎಲ್ಲರೂ ನಗ್ತಾರೆ. ಯಾವತ್ತೂ ಹೇಳಬೇಡ, ಹೇಳಿದ್ರೆ ನೋಡು ಅನ್ನೋದು ತಪ್ಪು."

ತಾತ ಮೊಣಕಾಲೂರಿ ಕುಳಿತನು. ಮೊಮ್ಮಗಳ ತುಟಿಯ ಬಳಿ, ಕಾಣದ ಕತ್ತರಿಯಿಂದ ಕಾಣದ ದಾರವನ್ನು ಕಟ್ ಕಟ್ ಎಂದು ಕತ್ತರಿಸಿದನು. "ತಾತ ಹಾಕಿದ್ದು ತಪ್ಪು ಹೊಲಿಗೆ ಕಣೇ. ಇನ್ಮೇಲೆ ಯಾರೇ ಗುಟ್ಟು ಅಂದ್ರೂ, ತಾತನೇ ಅಂದ್ರೂ, ಅಮ್ಮನಿಗೆ ಹೇಳ್ಬಿಡು. ಯಾರೂ ಟೂ ಬಿಡಲ್ಲ."

"ನಿಜವಾಗ್ಲೂ?"

"ನಿಜವಾಗ್ಲೂ."

"ಹಾಗಾದ್ರೆ ಅಮ್ಮ," ಎಂದಳು ಚಿನಕುರುಳಿ, "ಕತ್ತರಿ ಇಡೋ ಡ್ರಾಯರಲ್ಲೂ ಇದೆ."

ಸಿಸ್ಟರ್ ನಕ್ಕ ನಗೆಗೆ ಪಡಸಾಲೆಯ ಆಚೆಯಿಂದ ಕಾವಲುಗಾರನೂ ಇಣುಕಿದನು. ಚಿನಕುರುಳಿಗೆ ಸೀಟು ಸಿಕ್ಕಿತು. ಡ್ರಾಯರಿನ ಬೀಗದ ಕೈ ಅಂದೇ ಸೊಸೆಯ ವಶವಾಯಿತು.

ಓದುತ್ತಿರುವ ತಾಯಂದಿರೇ, ತಂದೆಯರೇ, ಅಜ್ಜ ಅಜ್ಜಿಯರೇ, ಮಗುವನ್ನು ಯಾವ ಶಾಲೆಗೆ ಸೇರಿಸಿದರೂ ಕಟ್ಟಡದ ಚೆಂದ ನೋಡುವ ಮೊದಲು ಅಲ್ಲಿ ಮಕ್ಕಳನ್ನು ಕಾಯುವ ಬಗೆಯನ್ನು ವಿಚಾರಿಸಿರಿ. ಅವರು ನಿಮ್ಮನ್ನು ಪ್ರಶ್ನಿಸಿದರೆ ಮುನಿಯದಿರಿ. ನಿಮ್ಮ ಕಂದನಿಗಾಗಿ ಹಿಡಿದ ಅಳತೆಪಟ್ಟಿ ಅದು. ಇಂದು ಮನೆಗೆ ಹೋದೊಡನೆ ಮಗುವನ್ನು ಹತ್ತಿರ ಕೂರಿಸಿಕೊಂಡು, "ನೀನು ಏನು ಹೇಳಿದ್ರೂ ನಾನು ಕೇಳ್ತೀನಿ, ಬೈಯಲ್ಲ" ಎಂದುಬಿಡಿ. ದೇವರು ತೆರೆದಿಟ್ಟು ಕಳುಹಿಸಿದ ಬಾಯಿಗೆ ನಾವು ಹೊಲಿಗೆ ಹಾಕದಿರೋಣ.