ಹಿಲ್ಕಾಳ ಸೀಟು

ಜರ್ಮನಿಯ ಲ್ಯೂಬೆಕ್‌ನ ಕಾರು ಅಂಗಡಿಯ ಅಂಗಳದಲ್ಲಿ ಕೀಲಿ ಕೈಗೆ ಬಂದಾಗ ತೈಸ್ತೊ ಮೊದಲು ಹೋಗಿ ಕೂತದ್ದು ಸ್ಟೀರಿಂಗಿನ ಮುಂದಲ್ಲ, ಪಕ್ಕದ ಸೀಟಿನಲ್ಲಿ. ಕೂತ, ಎದ್ದ, ಮತ್ತೆ ಕೂತ. ಸೊಂಟದ ಆಪರೇಷನ್ ಆದವರು ಕೂರುವ ಹಾಗೆ ಮೊದಲು ಕುಂಡೆ ಊರಿ, ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆಳೆದುಕೊಂಡ.

"ಏನ್ರೀ ಇದು, ಓಡಿಸೋರು ಯಾರು ಹಾಗಾದ್ರೆ?" ಎಂದು ನಕ್ಕಳು ಪಿರ್ಕೊ. ಜರ್ಮನಿಯವನನ್ನು ಮದುವೆಯಾಗಿ ಅಲ್ಲೇ ನೆಲೆಸಿ, ತನ್ನ ತವರು ಫಿನ್ಲೆಂಡಿನಿಂದ ಬರುವವರಿಗೆ ಕಾರು ಮಾರುತ್ತಿದ್ದ ಹೆಂಗಸು.

"ಓಡಿಸೋಕೆ ನಾನಿದೀನಿ. ಮೂವತ್ತು ವರ್ಷ ಬಸ್ಸು ಓಡಿಸಿದೋನು, ಎಲ್ಲಿ ಕೂರಿಸಿದ್ರೂ ಓಡಿಸ್ತೀನಿ. ಆದ್ರೆ ಕಾರು ತಗೊಂಡಿರೋದು ಈ ಸೀಟಿಗೋಸ್ಕರ."

ಸೊಂಟದ ಆಪರೇಷನ್ ಆದ ಹೆಂಡತಿ ಹಿಲ್ಕಾ ಬೇಸಿಗೆಯಿಂದೀಚೆಗೆ ಗೇಟು ದಾಟಿರಲಿಲ್ಲ. ಮನೆಯಲ್ಲಿದ್ದ ಹಳೆಯ ಕಾರಿಗೆ ಹತ್ತುವುದೆಂದರೆ ಬಾವಿಗೆ ಇಳಿದಂತೆ. ಈ ಭಾನುವಾರದಿಂದ ಕ್ರಿಸ್ಮಸ್ಸಿನ ಹಾಡುಗಳು ಶುರು, ಇಗರ್ಜಿಯಲ್ಲಿ ಅವಳು ಒಂದು ವರ್ಷವೂ ತಪ್ಪಿಸದೆ ಹಾಡಿದವಳು. ಇಂಥ ಎತ್ತರದ ಸೀಟಿನ ಕಾರು ಊರಲ್ಲಿ ಬೇಕೆಂದರೆ ಮುಂದಿನ ಬೇಸಿಗೆಯವರೆಗೆ ಕಾಯಬೇಕಿತ್ತು. ಅದಕ್ಕೇ ಈ ಸಮುದ್ರ ದಾಟುವ ಸಾಹಸ. "ಜರ್ಮನಿಯಿಂದ ಕಾರು ತರೋನಿಗೆ ಕಾರಿನ ಜೊತೆ ಒಂದು ಕಥೆ ಬಿಟ್ಟಿ ಸಿಗುತ್ತೆ ಕಣೋ" ಎಂದು ಪಕ್ಕದ ಮನೆಯವನು ಚುಚ್ಚಿ ಕಳಿಸಿದ್ದ.

"ಇಷ್ಟು ಬೇಗ ಹೇಗೆ ಸಿಕ್ತು ಇದು?" ತೈಸ್ತೊ ಕೇಳಿದ.

ಪಿರ್ಕೊ ದನಿ ತಗ್ಗಿಸಿದಳು. "ನಮ್ಮ ಕಡೆಯೋರೇ ಬುಕ್ ಮಾಡಿದ್ರು. ಪಿಹ್ತಿಪುದಾಸ್ ಊರಿನ ಹಿರ್ವೆಲಾ ಅಂತ. ಎಂಜಿನ್ ಬಿಸಿ ಮಾಡೋ ಹೀಟರಿಂದ ಹಿಡಿದು ಒಂದೊಂದನ್ನೂ ಅವರೇ ಆರಿಸಿದ್ದು. ಕಾರು ಇಲ್ಲಿಗೆ ಬಂದ ವಾರವೇ ಹೃದಯ ನಿಂತ್ಹೋಯ್ತು. ಅವರ ಹೆಂಡತಿಗೆ ಫೋನ್ ಮಾಡಿದ್ರೆ, 'ಬೇಡ' ಅಂತ ಒಂದೇ ಮಾತು. ನೀವೇನೂ ಯೋಚನೆ ಮಾಡ್ಬೇಡಿ, ಇದರಲ್ಲಿ ನಿಮಗಿಂತ ಮುಂಚೆ ಯಾರೂ ಕೂತಿಲ್ಲ."

ತೈಸ್ತೊ ಗಿಡ್ಡ ಆಳು. ಡ್ರೈವರ್ ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡು, ಪಕ್ಕದ ಸೀಟನ್ನು ಹಿಲ್ಕಾಳಿಗೆ ಬೇಕಾದಂತೆ ಎತ್ತರಿಸಿ, ಬೆನ್ನು ನೆಟ್ಟಗೆ ಮಾಡಿ, ಬಂದರಿನ ಕಡೆ ಹೊರಟ. ಮೊದಲ ತಿರುವು ದಾಟಿರಲಿಲ್ಲ, ಟಿಣ್ ಟಿಣ್ ಎಂದು ಗಂಟೆ ಶುರುವಾಯಿತು. ಪಕ್ಕದಲ್ಲಿ ಕೂತವರು ಬೆಲ್ಟ್ ಹಾಕಿಲ್ಲ ಎಂದು ಕೆಂಪು ಗುರುತು ಮಿನುಗಿತು.

ಗಾಡಿ ನಿಲ್ಲಿಸಿ ನೋಡಿದ. ಸೀಟಿನ ಮೇಲೆ ಚೀಲವಿಲ್ಲ, ಕೋಟಿಲ್ಲ. ಪಿರ್ಕೊಗೆ ಫೋನ್ ಮಾಡಿದ.

"ಹೊಸ ಗಾಡಿ, ಸೆನ್ಸರ್ ತುಂಟಾಟ ಮಾಡುತ್ತೆ. ಖಾಲಿ ಸೀಟಿಗೇ ಬೆಲ್ಟ್ ಹಾಕ್ಬಿಡಿ, ಬಾಯಿ ಮುಚ್ಚುತ್ತೆ."

ಹಾಕಿದ. ಗಂಟೆ ನಿಂತಿತು. ಆದರೆ ತನ್ನ ಹಿಂದೆ ಎಷ್ಟು ಜನ ಕೂತಿದ್ದಾರೆ ಎಂದು ಬಸ್ಸಿನ ಡ್ರೈವರಿಗೆ ತಿರುಗಿ ನೋಡದೆಯೇ ತಿಳಿಯುತ್ತದೆ. ಬಂದರು ತಲುಪುವವರೆಗೂ ತೈಸ್ತೊನ ಪಕ್ಕದ ಸೀಟಿನ ಕಡೆಯ ಕಿವಿಗೆ, ಇಲ್ಲೊಬ್ಬರಿದ್ದಾರೆ ಎಂದು ಅನ್ನಿಸುತ್ತಲೇ ಇತ್ತು.

ಹಡಗು ಹೊರಟ ಮೇಲೆ ಕಾರುಗಳಿರುವ ತಳದ ಅಂತಸ್ತಿಗೆ ಬೀಗ. ಮರುದಿನ ಬೆಳಿಗ್ಗೆ ತೈಸ್ತೊ ಗಂಜಿಗೆ ಬೆಣ್ಣೆ ಹಾಕಿಕೊಳ್ಳುತ್ತಿದ್ದಾಗ ಧ್ವನಿವರ್ಧಕದಲ್ಲಿ ಅವನ ಕಾರಿನ ನಂಬರು ಕೂಗಿದರು. ಕೌಂಟರಿನ ಹತ್ತಿರ ನಾವಿಕನೊಬ್ಬ ಸಿಡುಕುತ್ತ ನಿಂತಿದ್ದ.

"ಯಜಮಾನ್ರೇ, ಜೊತೇಲಿ ಬಂದೋರನ್ನ ಕಾರಲ್ಲೇ ಬಿಟ್ಟು ಬಂದಿದೀರಲ್ಲ? ಪ್ರಯಾಣದ ಹೊತ್ತಲ್ಲಿ ಕೆಳಗೆ ಯಾರೂ ಇರೋ ಹಾಗಿಲ್ಲ. ರೌಂಡ್ಸ್‌ಗೆ ಹೋದಾಗ ನಾನೇ ಗಾಜು ತಟ್ಟಿದೆ. ಆ ಮನುಷ್ಯ ತಿರುಗಿಯೂ ನೋಡ್ಲಿಲ್ಲ!"

"ನಾನು ಒಬ್ಬನೇ ಬಂದಿರೋದು."

"ಹೌದಾ? ಉದ್ದನೆ ಆಳು. ತಲೆ ಚಾವಣಿಗೆ ತಾಗ್ತಾ ಇತ್ತು."

ಇಬ್ಬರೂ ಇಳಿದು ಹೋದರು. ಕಾರಿಗೆ ಹಾಕಿದ ಲಾಕು ಹಾಗೇ ಇತ್ತು. ಒಳಗೆ ಯಾರೂ ಇರಲಿಲ್ಲ. ಆದರೆ ತೈಸ್ತೊ ಹಿಲ್ಕಾಳಿಗೆಂದು ಎತ್ತರಿಸಿಟ್ಟಿದ್ದ ಸೀಟು ಈಗ ತೀರಾ ತಗ್ಗಿ, ಉದ್ದ ಕಾಲಿನವರಿಗೆ ಹೊಂದುವಂತೆ ಹಿಂದಕ್ಕೆ ಸರಿದಿತ್ತು. ಬೆಲ್ಟ್ ಮಾತ್ರ ಬಿಗಿಯಾಗಿ ಹಾಕಿದಂತೆಯೇ ಇತ್ತು.

ನಾವಿಕ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ನಾನೇನೂ ನೋಡಿಲ್ಲ ಬಿಡಿ. ಇಳಿಯೋವಾಗ ನೀವೇ ನೋಡ್ಕೊಳ್ಳಿ."

ತೈಸ್ತೊ ಹಡಗಿನ ಅಂಗಡಿಯಲ್ಲಿ ಹಿಲ್ಕಾಳಿಗೆ ಪ್ರೀತಿಯ ಉಪ್ಪುಪ್ಪು ಕಪ್ಪು ಮಿಠಾಯಿಯ ಪೊಟ್ಟಣ ಕೊಂಡ. ಅವಳ ಬಾಯಲ್ಲಿ ಸದಾ ಅದೇ. ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡ.

ಹೆಲ್ಸಿಂಕಿಯಲ್ಲಿ ಇಳಿದು ಉತ್ತರಕ್ಕೆ ಹೊರಟ. ದಾರಿಯಲ್ಲಿ ಎರಡು ಸಲ ನಿಲ್ಲಿಸಿ ಸೀಟನ್ನು ಎತ್ತರಿಸಿದ, ಎರಡು ಸಲವೂ ಅದು ಮೆಲ್ಲಗೆ ತಗ್ಗಿತು. ಅವನ ಊರು ಹೈನೊಲಾದ ತಿರುವು ಹತ್ತಿರ ಬಂತು. ವೇಗ ತಗ್ಗಿಸಿದ್ದೇ ತಡ, ಹಾಕಿದ ಬೆಲ್ಟ್ ಹಾಕಿದಂತೆಯೇ ಇದ್ದರೂ ಗಂಟೆ ಹೊಡೆದುಕೊಳ್ಳತೊಡಗಿತು. ಇವನನ್ನು ಮನೆಗೆ ಕರೆದುಕೊಂಡು ಹೋದರೆ ಹಿಲ್ಕಾಳನ್ನು ಎಲ್ಲಿ ಕೂರಿಸಲಿ? ಅವನ ಮಡಿಲಲ್ಲೇ? ಹಾಗಂತ ಈ ಹಿಮದಲ್ಲಿ ಒಬ್ಬನನ್ನು ನಡುದಾರಿಯಲ್ಲಿ ಇಳಿಸುವುದು ತೈಸ್ತೊನಿಂದಾಗದು. ಬಸ್ಸಿನಲ್ಲಿ ಕುಡುಕರನ್ನೂ ಅವನು ಹಾಗೆ ಇಳಿಸಿದವನಲ್ಲ. ತೈಸ್ತೊ ತಿರುಗದೆ ಹಿರ್ವೆಲಾನ ಊರಿನ ಕಡೆ ನೇರ ಹೋದ. ಗಂಟೆ ನಿಂತಿತು.

ಅಷ್ಟರಲ್ಲಿ ಹಿಲ್ಕಾಳ ಫೋನು. "ಎಲ್ಲಿದೀಯೋ? ಮೀನಿನ ಸಾರು ಆರ್ತಾ ಇದೆ."

"ಒಬ್ಬರನ್ನ ಪಿಹ್ತಿಪುದಾಸ್‌ಗೆ ಬಿಟ್ಟು ಬರ್ತೀನಿ."

"ಅಷ್ಟು ದೂರ! ಪಿಂಚಣಿ ಬಂದ್ರೂ ಬಸ್ಸು ಬಿಡಲ್ವಲ್ಲೋ ನೀನು. ಯಾರದು?"

"ಗೊತ್ತಿಲ್ಲ. ಮಾತಾಡಲ್ಲ."

"ಹಾಗಾದ್ರೆ ನಮ್ಮ ದೇಶದೋನೇ ಬಿಡು" ಎಂದು ನಕ್ಕು ಫೋನಿಟ್ಟಳು.

ಪೆಟ್ರೋಲ್ ಬಂಕಿನಲ್ಲಿ ವಿಚಾರಿಸಿ ಹಿರ್ವೆಲಾನ ಮನೆಯಂಗಳಕ್ಕೆ ಬರುವ ಹೊತ್ತಿಗೆ ಮಧ್ಯಾಹ್ನದ ಬೆಳಕು ಮಾಸುತ್ತಿತ್ತು, ಹಗುರಾಗಿ ಹಿಮ ಬಿದ್ದಿತ್ತು. ಹೊಸ ವಿಧವೆ ಲೆಂಪಿ ಮೆಟ್ಟಿಲ ಮೇಲೆ ಬಂದು ನಿಂತಳು, ಇಳಿಯಲಿಲ್ಲ. ಕಾರಿನ ಬಣ್ಣ ನೋಡಿದ್ದೇ ಅವಳಿಗೆ ತಿಳಿದುಹೋಯಿತು. ತೈಸ್ತೊ ತಡವರಿಸುತ್ತ ನಡೆದದ್ದನ್ನೆಲ್ಲ ಹೇಳಿದ.

"ಪಕ್ಕದ ಸೀಟಲ್ಲಿ ಕೂತಿದಾನಾ?" ಲೆಂಪಿ ಒಣನಗೆ ನಕ್ಕಳು. "ಅದು ನಾನು ಜನ್ಮವಿಡೀ ಕೂತ ಜಾಗ. ಅವನು ಒಂದು ದಿನ ಅಲ್ಲಿ ಕೂತವನಲ್ಲ, ಬೇರೆಯವರ ಕೈಗೆ ಸ್ಟೀರಿಂಗ್ ಕೊಟ್ಟವನೂ ಅಲ್ಲ. ಕಾರಲ್ಲಿ ನಾನು ಬಾಯಿ ಆಡಿಸೋ ಹಾಗಿರಲಿಲ್ಲ. ಮಾತಾಡೋಕೂ ಇಲ್ಲ, ತಿನ್ನೋಕೂ ಇಲ್ಲ. ತಿರುವು ಬಂತು ಅಂದ್ರೆ ಸ್ಟೀರಿಂಗ್ ಮೇಲೆ ಬೆರಳಲ್ಲಿ ಟಕ್ ಟಕ್ ಅಂತ ಎರಡು ಸಲ. ಸುಮ್ಮನಿರು ಅಂತ ಅರ್ಥ."

"ಇಲ್ಲೇ ಇಳೀತಾರೇನೋ ಅಂತ ಕರ್ಕೊಂಡು ಬಂದೆ."

"ಇಳಿಯೋಕಲ್ಲ ಅವನು ಬಂದಿರೋದು. ನೀವು ಸ್ಟೀರಿಂಗ್ ಬಿಟ್ಟು ಯಾವಾಗ ಏಳ್ತೀರಿ ಅಂತ ಕಾಯ್ತಿದಾನೆ."

"ನಾನು ಎದ್ದರೆ ಹೋಗ್ತಾರಾ?"

"ಹೋಗ್ತಾನೋ ಇಲ್ವೋ, ಆ ಸೀಟಂತೂ ಬಿಡ್ತಾನೆ." ಲೆಂಪಿ ಅವನ ಮುಖವನ್ನೇ ನೋಡಿದಳು. "ನನ್ನ ಮಾತು ಕೇಳೋದಾದ್ರೆ ಅದನ್ನ ಕೆರೆಗೆ ನೂಕಿ, ಬಸ್ ಹತ್ತಿ ಮನೆಗೆ ಹೋಗಿ."

ತೈಸ್ತೊನ ಕಣ್ಣ ಮುಂದೆ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಗೇಟನ್ನೇ ನೋಡುತ್ತಿದ್ದ ಹಿಲ್ಕಾ ಬಂದಳು. ಅವನು ಕಾರಿನ ಹತ್ತಿರ ಹೋಗಿ ಎರಡೂ ಬಾಗಿಲು ತೆರೆದ, ಪಕ್ಕದ ಬೆಲ್ಟ್ ಬಿಚ್ಚಿದ. ಕೀಲಿಯನ್ನು ಡ್ರೈವರ್ ಸೀಟಿನ ಮೇಲಿಟ್ಟು, ಬಸ್ಸಿನಲ್ಲಿ ಪಾಳಿ ಬದಲಾಗುವಾಗ ಹೇಳುತ್ತಿದ್ದಂತೆ, "ಇನ್ನು ನಿಮ್ಮದು" ಎಂದ.

ಲೆಂಪಿ ಕಾಫಿ ಬಗ್ಗಿಸಿದಳು, ಏಲಕ್ಕಿ ಹಾಕಿದ ಬನ್ನು ಇಟ್ಟಳು. ತನ್ನ ಕುರ್ಚಿಯನ್ನು ಮಾತ್ರ ಕಿಟಕಿಗೆ ಬೆನ್ನು ಮಾಡಿ ತಿರುಗಿಸಿಕೊಂಡಳು. ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದು. ಒಂದಾದ ಮೇಲೆ ಇನ್ನೊಂದು. ಚಕ್ರದಡಿ ಹಿಮ ಕರಕರ ಎಂದಿತು. ಇಬ್ಬರೂ ಬನ್ನು ತಿಂದರು.

ಹೊರಗೆ ಬಂದಾಗ ಕಾರು ರಸ್ತೆಗೆ ಮುಖ ಮಾಡಿ ನಿಂತಿತ್ತು. ಅಂಗಳದ ಹಿಮದಲ್ಲಿ ಚಕ್ರದ ಗುರುತು ಒಂದು ಸುತ್ತು. ಹೆಜ್ಜೆಗಳೋ, ತೈಸ್ತೊನವು ಮಾತ್ರ. ಪಕ್ಕದ ಸೀಟು ತಾನಾಗಿ ಎತ್ತರಕ್ಕೆ ಬಂದು, ಬೆನ್ನು ನೆಟ್ಟಗಾಗಿತ್ತು. ಡ್ರೈವರ್ ಸೀಟು ಪೂರ್ತಿ ಹಿಂದಕ್ಕೆ ಸರಿದಿತ್ತು. ತೈಸ್ತೊ ಹತ್ತಿ ಕೂತ. ಗಂಟೆಯಿಲ್ಲ, ಕೆಂಪು ಗುರುತಿಲ್ಲ. ಎದೆಯ ಭಾರ ಇಳಿದು ಮನೆಯವರೆಗೂ ಶಿಳ್ಳೆ ಹಾಕಿಕೊಂಡೇ ಬಂದ. ಸೀಟನ್ನು ಮುಂದಕ್ಕೆ ಎಳೆದುಕೊಳ್ಳಬೇಕು ಎಂದು ಅವನಿಗೆ ಹೊಳೆಯಲೇ ಇಲ್ಲ. ಕಾಲುಗಳು ಪೆಡಲಿಗೆ ಸರಿಯಾಗಿಯೇ ಮುಟ್ಟುತ್ತಿದ್ದವು.

ಭಾನುವಾರ ಹಿಲ್ಕಾ ಊರುಗೋಲನ್ನು ಹಿಂದಿನ ಸೀಟಿಗೆ ಎಸೆದು ರಾಣಿಯ ಹಾಗೆ ಹತ್ತಿ ಕೂತಳು. "ಅಯ್ಯೋ ನನ್ನಪ್ಪಾ, ಇದು ಸೀಟೋ ಸಿಂಹಾಸನವೋ! ನೋಡು, ಇಲ್ಲಿಂದ ಎಲ್ಲರ ಮನೆ ಅಂಗಳನೂ ಕಾಣುತ್ತೆ." ಗೇಟು ದಾಟಿದಾಗ ಅವಳ ಕಣ್ಣು ಒದ್ದೆಯಾಯಿತು. ಹಾಡಿಗೆ ಗಂಟಲು ಸರಿಮಾಡಿಕೊಳ್ಳಲೆಂದು ಮಿಠಾಯಿ ಪೊಟ್ಟಣ ಒಡೆದು ಒಂದನ್ನು ಬಾಯಿಗೆ ಹಾಕಿಕೊಂಡಳು.

"ಕಾರಲ್ಲಿ ತಿನ್ನಬೇಡ" ಎಂದ ತೈಸ್ತೊ.

"ನೀನೇ ತಂದುಕೊಟ್ಟಿದ್ದಲ್ವೇನೋ ಮಂಕೇ!" ನಗುತ್ತ ಅವನತ್ತ ತಿರುಗಿದ ಹಿಲ್ಕಾಳ ನಗು ಅರ್ಧಕ್ಕೇ ನಿಂತಿತು. ಯಾವಾಗಲೂ ಎದೆಗೆ ಸ್ಟೀರಿಂಗ್ ತಾಗಿಸಿಕೊಂಡು ಓಡಿಸುತ್ತಿದ್ದ ಗಂಡ ಇವತ್ತು ಅಷ್ಟು ಹಿಂದೆ, ಕಾಲು ಚಾಚಿ, ತಲೆ ಚಾವಣಿಗೆ ತಾಗುವಂತೆ ಕೂತಿದ್ದ. ಇಗರ್ಜಿಯ ತಿರುವು ಬಂತು. ಅವನ ಬೆರಳು ಸ್ಟೀರಿಂಗ್ ಮೇಲೆ ಎರಡು ಸಲ ಬಡಿಯಿತು. ಟಕ್ ಟಕ್.

ಯಾರೂ ಹೇಳಿಕೊಡದೆಯೇ ಹಿಲ್ಕಾಳಿಗೆ ಅದರ ಅರ್ಥ ತಿಳಿಯಿತು. ಬಾಯಲ್ಲಿದ್ದುದನ್ನು ಅಗಿಯದೆ ಹಾಗೆಯೇ ಇಟ್ಟುಕೊಂಡು ಕೂತಳು.