ರಿಸೈನ್ ಎಂದು ಬರೆದ ಅರ್ಜಿ

ಜೇವರ್ಗಿಯ ತಹಸೀಲ್ ಕಚೇರಿ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಶೈಲಶ್ರೀ ಟೈಪಿಂಗಿಗೆ ಕೂತು ಒಂಬತ್ತು ವರ್ಷವಾಗಿತ್ತು. ಇಂಗ್ಲಿಷ್ ಅರ್ಜಿ ಬೇಕಾದರೆ ಜನ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ವಕೀಲರ ಗುಮಾಸ್ತರು ತಂದ ಕಾಗದಗಳನ್ನು ನೋಡಿ ನೋಡಿ ಕಲಿತ ಇಂಗ್ಲಿಷು ಅದು. ಯಾರೂ ತಪ್ಪು ಹಿಡಿದಿರಲಿಲ್ಲ. ಅವಳಿಗೂ ಅನುಮಾನ ಬಂದಿರಲಿಲ್ಲ.

ಆ ಬುಧವಾರ ಬೆಳಿಗ್ಗೆ ಬ್ಯಾಂಕಿನಲ್ಲಿ ಕ್ಲರ್ಕಾಗಿದ್ದು ನಿವೃತ್ತರಾದ ವಿಶ್ವಾರಾಧ್ಯರು ಆಧಾರ್ ಪ್ರತಿ ಮಾಡಿಸಲು ಬಂದರು. ಕಂಪ್ಯೂಟರಿನಲ್ಲಿ ಸೋಮವಾರದ ಅರ್ಜಿಯೊಂದು ತೆರೆದಿತ್ತು. ಕನ್ನಡಕ ಏರಿಸಿಕೊಂಡು ಓದಿದರು.

"ಇದು ನಮ್ಮ ಬ್ಯಾಂಕಿನ ಜವಾನ ರೇವಣಪ್ಪಂದು ಅಲ್ಲೇನು?"

"ಹೌದ್ರಿ ಕಾಕಾ. ಹೆಂಡತಿಗಿ ಲಕ್ವಾ ಹೊಡದದ, ನೌಕರಿ ಬಿಡ್ತೇನಿ ಅಂತ ಬರಿ ಅಂದ್ರು."

"ಮತ್ತ ರಿಸೈನ್ ಅಂತ ಯಾಕ ಬರದಿ? ರಿಟೈರ್ ಅಂತ ಬರೀಬೇಕಿತ್ತು."

"ಎರಡೂ ನೌಕರಿ ಬಿಡೋದೇ ಅಲ್ಲೇನ್ರಿ?"

ವಿಶ್ವಾರಾಧ್ಯರು ಸ್ಟೂಲು ಎಳೆದುಕೊಂಡು ಕೂತರು. "ರಿಟೈರ್ ಅಂದ್ರ ಸೇವೆ ಮುಗಿಸಿ ಹೋಗೋದು. ಪೆನ್ಶನ್ ಬರ್ತದ. ವಯಸ್ಸಾಗೋ ಮೊದಲೂ ಕೇಳಬಹುದು. ರಿಸೈನ್ ಅಂದ್ರ ನಿಮ್ಮ ಸಂಬಂಧಾನೇ ಬ್ಯಾಡ ಅಂದಂಗ. ಇಪ್ಪತ್ತೇಳು ವರ್ಷ ದುಡದದ್ದು ನೀರಾಗ ಹೋಯ್ತು."

ಶೈಲಶ್ರೀ ಓಡುತ್ತಲೇ ಬ್ಯಾಂಕಿಗೆ ಹೋದಳು. ಮ್ಯಾನೇಜರ್ ಅನೀಲಕುಮಾರ ಎಲ್ಲ ಕೇಳಿ ತಲೆ ಅಲ್ಲಾಡಿಸಿದ.

"ಅರ್ಜಿ ಹೈದರಾಬಾದಿನ ದೊಡ್ಡ ಆಫೀಸಿಗೆ ಹೋಗ್ಯದ್ರಿ. ನಾಳಿ ಮಂಜೂರಾತಿ ಬರಬಹುದು. ಬಂದ ಮ್ಯಾಲ ನನ್ನ ಕೈಯಾಗ ಏನೂ ಇಲ್ಲ. ಅದರೊಳಗ ಅವರೇ ಸಹಿ ಮಾಡಿ ವಾಪಸ್ ತಗೋಬೇಕು."

ರೇವಣಪ್ಪ ರಜೆ ಹಾಕಿ ಊರು ಹಿರೋಳ್ಳಿಗೆ ಹೋಗಿದ್ದ. ಫೋನು ಎಷ್ಟು ಸಲ ಹಚ್ಚಿದರೂ ಸಿಗಲಿಲ್ಲ. ಶೈಲಶ್ರೀ ಅಂಗಡಿಗೆ ಮರಳಿ ಎರಡು ಕಾಗದ ಟೈಪು ಮಾಡಿದಳು: ಮೊದಲ ಅರ್ಜಿ ವಾಪಸು ಪಡೆಯುವುದಕ್ಕೊಂದು, ಸ್ವಯಂ ನಿವೃತ್ತಿ ಕೇಳುವುದಕ್ಕೊಂದು. ಪ್ರತಿ ಪದವನ್ನೂ ವಿಶ್ವಾರಾಧ್ಯರಿಗೆ ತೋರಿಸಿ, ಕಲಬುರಗಿ ಬಸ್ಸು ಹತ್ತಿದಳು.

ಸೀಟಿದ್ದರೂ ಕೂರಲಾಗಲಿಲ್ಲ. ಕಲಬುರಗಿಯಲ್ಲಿ ಬಸ್ಸು ಬದಲಿಸಿದಳು, ಆಳಂದದಲ್ಲಿ ಮತ್ತೆ ಬದಲಿಸಿದಳು. ಆಳಂದ ನಿಲ್ದಾಣದಲ್ಲಿ ಮುಕ್ಕಾಲು ಗಂಟೆ ಅತ್ತಿಂದಿತ್ತ ನಡೆದಳು. ಚಹಾ ತಗೊಂಡು ಕುಡಿಯುವುದನ್ನೇ ಮರೆತಳು. 'ಬ್ಯಾಂಕಿನವರು ಇನ್ನೊಂದು ಸಹಿ ಕೇಳ್ಯಾರ' ಅಂತಷ್ಟೇ ಹೇಳಿದರೆ ಸಾಕು, ರೇವಣಪ್ಪ ಹಾಕಿಕೊಡುತ್ತಾನೆ, ತನ್ನ ತಪ್ಪು ಅವನಿಗೆ ಗೊತ್ತೇ ಆಗುವುದಿಲ್ಲ. ಆ ಯೋಚನೆ ಹಿರೋಳ್ಳಿಯವರೆಗೂ ಅವಳನ್ನು ಬಿಡಲಿಲ್ಲ.

ರೇವಣಪ್ಪ ಪಡಸಾಲೆಯಲ್ಲಿ ಹೆಂಡತಿ ನಿಂಬೆವ್ವನಿಗೆ ಚಮಚದಿಂದ ಗಂಜಿ ಕುಡಿಸುತ್ತಿದ್ದ. ಇವಳನ್ನು ಕಂಡು ಗಾಬರಿಯಾಗಿ ಎದ್ದ.

"ಏನವ್ವಾ ತಂಗಿ, ಇಷ್ಟು ದೂರ?"

ಅವನ ಮುಖ ನೋಡಿದ ಮೇಲೆ ಸುಳ್ಳು ಹೊರಡಲಿಲ್ಲ. "ಕಾಕಾ, ನಾ ತಪ್ಪು ಬರದೇನಿ. ಒಂದು ಪದ ಹಾಕೋದು ಬಿಟ್ಟು ಇನ್ನೊಂದು ಹಾಕೇನಿ. ಅದರಿಂದ ನಿಮ್ಮ ಪೆನ್ಶನ್ ಹೋಗ್ತದ."

ರೇವಣಪ್ಪ ಗಂಜಿಯ ಬಟ್ಟಲು ಕೆಳಗಿಟ್ಟ. ಆಮೇಲೆ ಮೆಲ್ಲಗೆ ಹೇಳಿದ: "ಸಹಿ ಮಾಡೋ ಮುಂದ ಕೇಳಿದ್ದೆ. ಎಲ್ಲಾ ಬರೋಬ್ಬರಿ ಅದ ಏನವ್ವಾ ಅಂತ. ನೀ ಹೌದ್ರಿ ಅಂದಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. "ನನಗ ಆ ಎರಡು ಪದದ ಫರಕ ಗೊತ್ತಿರಲಿಲ್ರಿ" ಎಂದು ಹೊಸ ಕಾಗದಗಳನ್ನು ಅವನ ಮುಂದಿಟ್ಟಳು.

ಗೋಡೆಗೊರಗಿದ್ದ ನಿಂಬೆವ್ವ ಸೊಟ್ಟಗಾದ ಬಾಯಿಂದ ಏನೋ ಅಂದಳು. ಶೈಲಶ್ರೀಗೆ ತಿಳಿಯಲಿಲ್ಲ. ರೇವಣಪ್ಪನೇ ಹೇಳಿದ: "ಉಂಡಾಳೇನು ಕೇಳು ಅನ್ನಾಕತ್ತಾಳ."

ಅವನು ಎರಡೂ ಕಾಗದಗಳನ್ನು ಕನ್ನಡದಲ್ಲಿ ಹೇಳಿಸಿದ, ಮತ್ತೊಮ್ಮೆ ಹೇಳಿಸಿದ, ಆಮೇಲೆ ಸಹಿ ಹಾಕಿದ. ನೆಟ್‌ವರ್ಕ್ ಸಿಗಲೆಂದು ಇಬ್ಬರೂ ಮಾಳಿಗೆ ಹತ್ತಿದರು. ಫೋಟೊ ಹೊಡೆದು ಅನೀಲಕುಮಾರನಿಗೆ ಕಳಿಸಿದಳು. ಕೆಳಗಿಳಿದು ರೊಟ್ಟಿಯ ಮುಂದೆ ಕೂತರೂ ಅವಳ ಕಣ್ಣು ಫೋನಿನಲ್ಲೇ ಇತ್ತು. ಉತ್ತರ ಬರಲಿಲ್ಲ. ಸಹಿಯಾದ ಕಾಗದಗಳೊಂದಿಗೆ ಕೊನೆಯ ಬಸ್ಸು ಹಿಡಿದು ಜೇವರ್ಗಿಗೆ ಮರಳಿದಳು.

ಮರುದಿನ ಹನ್ನೊಂದಕ್ಕೆ ಅನೀಲಕುಮಾರ ತಾನೇ ಅಂಗಡಿಗೆ ಬಂದ. "ಮಂಜೂರಾಗಿರಲಿಲ್ರಿ. ಮೊದಲಿನ ಅರ್ಜಿ ವಾಪಸ್ ಆಯ್ತು. ನಿವೃತ್ತಿದು ತಗೊಂಡಾರ."

ಶೈಲಶ್ರೀ ಕೂಡಲೇ ರೇವಣಪ್ಪನಿಗೆ ಫೋನು ಹಚ್ಚಿದಳು. ಈ ಸಲ ಸಿಕ್ಕ. ಸುದ್ದಿ ಕೇಳಿ, "ಛಲೋ ಆಯ್ತು ತಂಗಿ" ಎಂದ.

ಆದರೂ ಅವಳಿಗೆ ಸಮಾಧಾನವಾಗಲಿಲ್ಲ. ಇದೊಂದನ್ನು ವಿಶ್ವಾರಾಧ್ಯರು ಕಂಡರು. ಕಾಣದೆ ಹೋದವು ಎಷ್ಟು? ಒಂಬತ್ತು ವರ್ಷದ ಫೈಲುಗಳೆಲ್ಲ ಕಂಪ್ಯೂಟರಿನಲ್ಲೇ ಇದ್ದವು. ಹೊರಗೆ ಗಿರಾಕಿಗಳು ಸಾಲುಗಟ್ಟಿದ್ದರು, ಮಾಲೀಕ ಗೊಣಗುತ್ತಿದ್ದ. ಅವಳು ಡಿಕ್ಷನರಿ ತೆರೆದಿಟ್ಟುಕೊಂಡು ಮೊದಲ ವರ್ಷದ ಅರ್ಜಿಗಳನ್ನು ಒಂದೊಂದಾಗಿ ಓದತೊಡಗಿದಳು. ಖಾಸೀಂಬಿ ಎಂಬಾಕೆಯ ಅರ್ಜಿಯ ಮೂರನೆಯ ಸಾಲಿನಲ್ಲಿ ಒಂದು ಪದದ ಮೇಲೆ ಬೆರಳು ನಿಂತಿತು. ಅರ್ಥ ನೋಡಿದಳು; ಅದೂ ತಪ್ಪು ಪದವೇ. ಕೆಳಗೆ ಬರೆದಿದ್ದ ಫೋನ್ ನಂಬರನ್ನು ಒತ್ತತೊಡಗಿದಳು.