ಐದನೇ ಪುಟದ ಅಪ್ಪ

ಆ ಮಾತಿನ ಗುಳ್ಳೆಯನ್ನು ಅಲ್ಲಿ ಅಂಟಿಸಿದ ಕೈ ಸೇದಿಹೋಗಲಿ! ನನಗೆ ಮೂಗಿನ ತುದಿಯಲ್ಲೇ ಕೋಪ ಅನ್ನುತ್ತಾರೆ. ಅನ್ನಲಿ, ಈ ಸಲ ಕಾರಣವಿದೆ.

ನಾನು ಆಸ್ಪತ್ರೆಗಳಿಗೆ ಕಾಮಿಕ್ಸ್ ಬರೆಯುವವಳು. ಓದು ಬಾರದವರಿಗೂ ವಂಶವಾಹಿ ಅಂದರೆ ಏನೆಂದು ತಿಳಿಯಲಿ ಎಂದು ಎಂಟು ಪುಟ ಬರೆದಿದ್ದೆ. ಚಿತ್ರದಲ್ಲಿ ವಂಶವಾಹಿಯೆಂದರೆ ಒಂದು ಚೀಟಿ. ಅಪ್ಪನ ಕೈಯಲ್ಲಿ ಎರಡು ಚೀಟಿ, ಅಮ್ಮನ ಕೈಯಲ್ಲಿ ಎರಡು. ಇಬ್ಬರದರಲ್ಲೂ ಒಂದೊಂದು ಹರಿದದ್ದು. ಒಂದು ಚೆನ್ನಾಗಿದ್ದರೆ ಸಾಕು, ಕಾಯಿಲೆಯಿಲ್ಲ. ಐದನೇ ಪುಟದಲ್ಲಿ ಮಗುವಿಗೆ ಇಬ್ಬರಿಂದಲೂ ಹರಿದದ್ದೇ ಸಿಗುತ್ತದೆ. ನನ್ನಕ್ಕನ ಮಗಳಿಗೆ ಆಗಿರುವುದೂ ಅದೇ. ಮೂರು ವಾರಕ್ಕೊಮ್ಮೆ ಅವಳಿಗೆ ರಕ್ತ ಹಾಕಿಸಬೇಕು.

ಪುಸ್ತಕ ಅಚ್ಚಾಗಿ ಆಸ್ಪತ್ರೆಗೆ ಹೋದ ವಾರವೇ ಅಕ್ಕ ಫೋನ್ ಮಾಡಿದಳು.

"ನಿನ್ನ ಪುಸ್ತಕ ಅತ್ತೆ ಕೈಗೆ ಸಿಕ್ಕಿದೆ ಕಣೇ. 'ನೋಡು, ಹರಿದ ಚೀಟಿ ಇರೋದು ತಾಯಿ ಕೈಲಿ ಮಾತ್ರ, ನಿನ್ನ ತಂಗೀನೇ ಬರ್ದಿದಾಳೆ' ಅಂತಾರೆ. ನಾಳೆ ನನ್ನನ್ನ ತವರಿಗೆ ಕಳಿಸಿ, ಇವರಿಗೆ ಬೇರೆ ಮದುವೆ ಮಾಡ್ತಾರಂತೆ."

ಅಚ್ಚಾದ ಪ್ರತಿಯ ಐದನೇ ಪುಟ ತೆರೆದೆ. ಹರಿದ ಚೀಟಿ ಹಿಡಿದ ಅಪ್ಪನ ಕೈಯ ಮೇಲೆಯೇ ಮಾತಿನ ಗುಳ್ಳೆ ಕೂತಿತ್ತು! ಮೈಯೆಲ್ಲ ಉರಿದುಹೋಯಿತು. ನೇರ ಪುಸ್ತಕದ ಸಂಪಾದಕರ ಕೋಣೆಗೆ ನುಗ್ಗಿದೆ.

"ಕೊನೇ ಗಳಿಗೇಲಿ 'ತಾಯಂದಿರೇ, ಎಚ್ಚರ' ಅಂತ ಒಂದು ಸಾಲು ಸೇರಿಸಿದ್ವಿ, ಗುಳ್ಳೆ ದೊಡ್ಡದಾಯ್ತು. ಒಂದು ಕೈ ಮುಚ್ಚಿದ್ರೆ ನಿನ್ನ ಗಂಟೇನು ಹೋಯ್ತಮ್ಮಾ?"

"ತಾಯಂದಿರಿಗೆ ಮಾತ್ರ ಯಾಕ್ರೀ ಎಚ್ಚರ? ಅಪ್ಪಂದಿರೇನು ಆಕಾಶದಿಂದ ಉದುರಿದ್ರಾ?"

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನನ್ನ ಮೂಲ ಚಿತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಅಕ್ಕನ ಮನೆಗೆ ಹೋದೆ. ಅವಳತ್ತೆಯ ಮುಂದೆ ಮೇಜಿನ ಮೇಲೆ ಹಾಸಿದೆ.

"ಅಮ್ಮಾ, ನಾನು ಬರೆದದ್ದು ಇದು. ಅಪ್ಪನ ಕೈಲೂ ಹರಿದ ಚೀಟಿ ಇದೆ, ನೋಡಿ."

"ಅಕ್ಕನ್ನ ಉಳಿಸೋಕೆ ಈಗ ಗೀಚ್ಕೊಂಡು ಬಂದಿದೀಯ. ನನ್ನ ಮಗನ ರಕ್ತ ಅಪ್ಪಟ ಚಿನ್ನ."

ನಾನು ಭಾವನ ಕಡೆ ತಿರುಗಿದೆ. "ಭಾವ, ನೀವೇ ಒಂದ್ಸಲ ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ. ಎಲ್ಲರ ಬಾಯಿ ಮುಚ್ಚುತ್ತೆ."

ಭಾವ ತಲೆ ಎತ್ತಲಿಲ್ಲ. "ಮಾಡಿಸಿದೀನಿ. ಎರಡು ತಿಂಗಳಾಯ್ತು. ನನ್ನಲ್ಲೂ ಒಂದು ಹರಿದದ್ದಿದೆ. ಅಮ್ಮ ನೊಂದ್ಕೋತಾರೆ ಅಂತ ಹೇಳ್ಲಿಲ್ಲ."

ಎರಡು ತಿಂಗಳು! ಅಷ್ಟೂ ದಿನ ಅಕ್ಕ ಅದೇ ಊಟದ ಮೇಜಿನಲ್ಲಿ ಬೈಸಿಕೊಂಡಿದ್ದಳು, ಈ ಮಹಾನುಭಾವ ಎದುರಿಗೇ ಕೂತು ಉಣ್ಣುತ್ತಿದ್ದ. ಅತ್ತೆ ಮೇಜಿನ ಮೇಲಿನ ಚಿತ್ರವನ್ನು ಹತ್ತಿರಕ್ಕೆಳೆದುಕೊಂಡರು. ನನ್ನ ಬಾಯಿಗೆ ಕೆಟ್ಟ ಬೈಗುಳವೇ ಬಂದಿತ್ತು, ಅಷ್ಟರಲ್ಲಿ ಅಕ್ಕ ಮಗಳನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿದಳು.

ಭಾವ ಹಿಂದೆಯೇ ಓಡಿದರು. "ಈಗ ಎಲ್ಲ ಗೊತ್ತಾಯ್ತಲ್ಲ, ನೀನ್ಯಾಕೆ ಹೋಗ್ಬೇಕು? ಅಮ್ಮ ಇನ್ನೇನೂ ಅನ್ನಲ್ಲ."

"ಅಮ್ಮನಿಗೆ ಈಗ ಗೊತ್ತಾಯ್ತು," ಎಂದಳು ಅಕ್ಕ. "ನಿಮಗೆ ಮೊದ್ಲೇ ಗೊತ್ತಿತ್ತು. ಗುರುವಾರ ಮಗುಗೆ ರಕ್ತ ಹಾಕಿಸ್ಬೇಕು. ಬರೋದಿದ್ರೆ ಆಸ್ಪತ್ರೆಗೆ ಬನ್ನಿ."